ಹಗುರಪ್ಪನ ಹಾತೆ

ಅವನ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮುಂಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು, ಗುಲಾಬಿ ಬಣ್ಣದ ವಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕೊಡುತ್ತಿದ್ದ. ಕೆಲಸದಲ್ಲಿ ಮೋಸವಿರಲಿಲ್ಲ. ಊರಿನ ಅರ್ಧಕ್ಕರ್ಧ ಮುದುಕಿಯರು ಅವನು ಮಾಡಿದ ಹಲ್ಲಿನಿಂದಲೇ ಸೊಸೆಯಂದಿರ ಮೇಲೆ ಹಲ್ಲು ಕಡಿಯುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಅವನ ಹೆಂಡತಿಗೂ ಅವನ ಮೇಲೆ ತಕರಾರಿರಲಿಲ್ಲ.

ಹೆಂಡತಿ ಅದೇ ಬೀದಿಯ ತುದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದಳು. ಹೋಟೆಲಿನ ಪರದೆ, ಆಸ್ಪತ್ರೆಯ ಹಾಸು, ಮನೆಮನೆಯ ಕಂಬಳಿ ಎಲ್ಲ ಅವಳ ಕೈಯಿಂದಲೇ ಹಾದು ಹೋಗಬೇಕು. ನೀರು ಕುಡಿದ ಕಂಬಳಿಯನ್ನು ತೊಟ್ಟಿಯಿಂದ ಒಬ್ಬಳೇ ಎತ್ತಿ ಹಿಂಡುವ ಯಂತ್ರಕ್ಕೆ ಹಾಕುವ ಹೆಂಗಸು. ತೋಳು ದಪ್ಪ, ಸೊಂಟ ದಪ್ಪ, ದನಿಯೂ ದಪ್ಪ. ಅದರಿಂದ ಅವಳಿಗೆ ನಾಚಿಕೆಯೇನೂ ಆಗಿರಲಿಲ್ಲ. ತೆಳ್ಳಗಿದ್ದವರು ಅವಳ ಅಂಗಡಿಯಲ್ಲಿ ಒಂದು ವಾರ ನಿಂತದ್ದಿಲ್ಲ.

ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ ಅವನು ಒಂದು ಕಾರು ತಂದ. ಅದನ್ನು ಮಾರಿದವನು ಲಾರಿಗೆ ಹಗ್ಗ ಕಟ್ಟಿ ಕಳಿಸಿ, ಇವನ ಮನಸ್ಸು ಬದಲಾಗುವ ಮೊದಲೇ ಬಾಗಿಲು ಹಾಕಿಕೊಂಡನಂತೆ. ಎಲ್ಲೋ ಅಣ್ಣತಮ್ಮ ಇಬ್ಬರು ಒಂದು ಕೊಟ್ಟಿಗೆಯಲ್ಲಿ ಇಂಥ ಕಾರನ್ನು ಬೆರಳೆಣಿಕೆಯಷ್ಟು ಮಾಡಿ, ಆಮೇಲೆ ಜಗಳವಾಡಿ ಕೊಟ್ಟಿಗೆಗೆ ಬೀಗ ಹಾಕಿದ್ದರು. ಅದರ ಹೆಸರನ್ನು ಯಾರ ನಾಲಿಗೆಯೂ ಸರಿಯಾಗಿ ಹೊರಳಿಸುತ್ತಿರಲಿಲ್ಲ. ಅರ್ಥ ಮಾತ್ರ ಹಾತೆ, ದೀಪಕ್ಕೆ ಮುತ್ತುವ ಹುಳು ಅಂತ. ಹಾಗಾಗಿ ಎಲ್ಲರೂ ಹಾತೆ ಎಂದೇ ಕರೆದರು. ಮೇಲೆ ಚಾವಣಿಯಿಲ್ಲ, ಮೈಯೆಲ್ಲ ತೆಳು ಫೈಬರ್, ಎರಡೇ ಎರಡು ಸೀಟು. ನಿಂತವರ ಮೊಣಕಾಲಿಗಿಂತ ಒಂಚೂರು ಎತ್ತರ. ಒಳಗೆ ಕೂರಬೇಕಾದರೆ ಮಗುವನ್ನು ಸ್ನಾನದ ತೊಟ್ಟಿಗೆ ಇಳಿಸಿದ ಹಾಗೆ ಇಳಿಯಬೇಕು.

ಅವಳು ಸೆರಗಿಗೆ ಕೈ ಒರೆಸುತ್ತಾ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಸೋಪಿನ ಡಬ್ಬಿಗೆ ಚಕ್ರ ಹಾಕಿದಾರಲ್ರೀ. ಮುಚ್ಚಳ ಎಲ್ಲಿ?"

"ನಿನಗೆ ಅರ್ಥ ಆಗಲ್ಲ ಬಿಡು," ಅಂದ ಅವನು. "ಇದರ ಗುಣ ಇರೋದು ಇದರಲ್ಲಿ ಏನಿಲ್ಲವೋ ಅದರಲ್ಲಿ."

"ಹಾಗಾದ್ರೆ ಎಂಜಿನ್ನೂ ಇಲ್ಲದಿದ್ರೆ ಇನ್ನೂ ಗುಣವಂತ ಆಗಿರ್ತಿತ್ತು."

ಎಂಜಿನ್ ಇತ್ತು, ಆದರೆ ಅದಕ್ಕೆ ಮನಸ್ಸು ಬಂದಾಗ ಮಾತ್ರ. ಬಿಸಿಲಿಗೆ ಉಸಿರು ಕಟ್ಟುತ್ತಿತ್ತು, ಚಳಿಗೆ ಕೆಮ್ಮುತ್ತಿತ್ತು, ಮಳೆ ಬಂದರೆ ಕಾರೇ ತೊಟ್ಟಿಯಾಗುತ್ತಿತ್ತು. ಹಿತ್ತಿಲ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ ಅದರ ಕ್ಷೇಮ ವಿಚಾರಿಸಲು ಪ್ರತಿ ಭಾನುವಾರ ಮೂವರು ಗಂಡಸರು ಬರುತ್ತಿದ್ದರು. ಒಬ್ಬ ವಕೀಲ. ಅವನ ಹತ್ತಿರವೂ ಇಂಥದ್ದೇ ಒಂದಿತ್ತು, ಎಂಜಿನ್ ಓಡಿಸುವವನ ಬೆನ್ನಿಗೇ ಅಂಟಿಕೊಂಡದ್ದು. ಅದನ್ನು ಓಡಿಸಿದ ಮಾರನೆಯ ದಿನ ಅವನಿಗೆ ಕುರ್ಚಿಗೆ ಒರಗಲು ಆಗುತ್ತಿರಲಿಲ್ಲ. ಇನ್ನೊಬ್ಬ ಔಷಧಿ ಅಂಗಡಿಯವನು. ಸೊಂಟ ಹಿಡಿದುಕೊಂಡ ಮೇಲೆ ತನ್ನ ಸಣ್ಣ ಕಾರು ಮಾರಿ, ಈಗ ಅಗಲವಾದ ದೊಡ್ಡ ಕಾರಿನಲ್ಲಿ ಬಂದು ಅದನ್ನು ಕಳ್ಳನ ಹಾಗೆ ಬೀದಿಯ ತಿರುವಿನಲ್ಲಿ ನಿಲ್ಲಿಸುತ್ತಿದ್ದ. ಮೂರನೆಯವರು ನಿವೃತ್ತ ಭೂಗೋಳದ ಮೇಷ್ಟ್ರು. ಅವರ ಹತ್ತಿರ ಯಾವ ಕಾರೂ ಇರಲಿಲ್ಲ, ಅಭಿಪ್ರಾಯಗಳು ಮಾತ್ರ ಇದ್ದವು.

ಅವಳು ಚಹಾ ಕೊಡಲು ಹೋದಾಗಲೆಲ್ಲ ಅವರ ಮಾತು ಕಿವಿಗೆ ಬೀಳುತ್ತಿತ್ತು. ಒಂದು ಕಾರಿನ ಹೆಸರು ಇನ್ನೊಬ್ಬರಿಗೆ ಗೊತ್ತಿದೆ ಅಂದರೆ ಅದರ ಮಾನ ಅರ್ಧ ಹೋದಂತೆ. ಅದರಲ್ಲಿ ರೇಡಿಯೋ ಇದೆ ಅಂದರೆ ಉಳಿದರ್ಧವೂ ಹೋಯಿತು. ದೊಡ್ಡ ಕಾರಿನವರು ಇವರ ಕಣ್ಣಿಗೆ ಮನುಷ್ಯರೇ ಅಲ್ಲ. "ಸೋಫಾಕ್ಕೆ ಸ್ಟಿಯರಿಂಗ್ ಹಚ್ಚಿಕೊಂಡು ಓಡಾಡೋ ಜನ!" ಎಂದು ಗಂಡ ಮೂಗು ಮುರಿದರೆ, ಔಷಧಿ ಅಂಗಡಿಯವನು ತಲೆ ತಗ್ಗಿಸಿ ಚಹಾ ಹೀರುತ್ತಿದ್ದ. ಈ ಲೋಕದಲ್ಲಿ ತಮ್ಮ ನಾಲ್ವರನ್ನು ಬಿಟ್ಟು ಮಿಕ್ಕವರೆಲ್ಲ ಅಲ್ಪರು ಎಂದು ತೀರ್ಮಾನಿಸಿ, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಅವರು ಎದ್ದು ಹೋಗುತ್ತಿದ್ದರು. ಲೋಟ ತೊಳೆಯುವವಳು ಇವಳು.

ಮೊದಮೊದಲು ಅವಳು ನಗುತ್ತಿದ್ದಳು. ಹೆಗ್ಗಣವಾದರೂ ಹೆತ್ತವರಿಗೆ ಮುದ್ದು, ಇದು ಇವರಿಗೆ ಮುದ್ದು ಎಂದುಕೊಂಡಳು. ಆದರೆ ಹುಚ್ಚು ದಿನದಿನಕ್ಕೆ ಏರಿತು. ಭಾರವೇ ಶತ್ರು ಎಂದು ಅವನು ಕಾರಿನ ನೆಲಹಾಸು ಕಿತ್ತ. ಸ್ಟೆಪ್ನಿ ತೆಗೆದಿಟ್ಟ. ಕೆಲಸಕ್ಕೆ ಬಾರದ ಕೊಂಡಿ ತೆಗೆದ, ಆಮೇಲೆ ಕೆಲಸಕ್ಕೆ ಬರುವ ಕೊಂಡಿಯನ್ನೂ ತೆಗೆದ. ತೆಗೆಯಲಾಗದ್ದಕ್ಕೆ ಡ್ರಿಲ್ ಹಿಡಿದು ತೂತು ಕೊರೆದ. ಪೆಡಲಿಗೆ ತೂತು, ಸೀಟಿನ ಚೌಕಟ್ಟಿಗೆ ತೂತು, ಹ್ಯಾಂಡ್‌ಬ್ರೇಕಿನ ಹಿಡಿಗೂ ಸಾಲಾಗಿ ತೂತು. ಹಲ್ಲಿಗೆ ಹೊಳಪು ಕೊಡುವ ಅದೇ ನಾಜೂಕಿನಲ್ಲಿ ಅಂಚುಗಳನ್ನು ಉಜ್ಜಿ, ಬೆಳಕಿಗೆ ಹಿಡಿದು ನೋಡಿ ಹಿಗ್ಗುತ್ತಿದ್ದ. ಊಟವನ್ನೂ ಕಡಿಮೆ ಮಾಡಿದ. ಕಾರಿಗೆ ಕೂರುವ ಮೊದಲು ಜೇಬಿನ ಬೀಗದಕೈಯನ್ನು ಮನೆಯೊಳಗೇ ಇಟ್ಟು ಹೋಗಿ, ಮರಳಿ ಬಂದಾಗ ಮನೆಗೆ ಬೀಗ ಬಿದ್ದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಬೀದಿಯವರು ಅವನಿಗೆ ಹಗುರಪ್ಪ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡ.

ಒಂದು ಭಾನುವಾರ ಅವಳು ಸುಮ್ಮನೆ ಮಾತಿಗೆ, "ಒಂದ್ಸಲ ನನ್ನನ್ನೂ ಕೂರಿಸಿಕೊಂಡು ಪೇಟೆ ಸುತ್ತಿಸಿ," ಅಂದಳು.

ಮೂವರು ಗೆಳೆಯರೂ ಅಲ್ಲೇ ಇದ್ದರು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗಂಡ ಹೆಂಡತಿಯನ್ನು ನೋಡುವ ನೋಟವಲ್ಲ ಅದು. ಲಾರಿಯವನು ಮೂಟೆಯನ್ನು ನೋಡುವ ನೋಟ.

"ನಿನ್ನ ತೂಕ ಈಗ ಎಷ್ಟು?"

ವಕೀಲ ಕಾರಿನ ಚಕ್ರ ನೋಡತೊಡಗಿದ. ಮೇಷ್ಟ್ರು ಕೆಮ್ಮಿದರು.

"ಯಾಕೆ, ಮಾರ್ತೀರಾ?" ಅಂದಳು ಅವಳು.

"ಹಾಗಲ್ಲ ಇವಳೇ, ನೀನು ಕೂತರೆ ಕಾರು ಒಂದು ಪಕ್ಕಕ್ಕೆ ವಾಲುತ್ತೆ. ಅದರ ನಡೆಯೇ ಕೆಟ್ಟುಹೋಗುತ್ತೆ. ಬೇಜಾರು ಮಾಡ್ಕೋಬೇಡ, ಇದು ಬರೀ ಲೆಕ್ಕ."

ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು ಅಂತಾರೆ. ಆ ಮನೆಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತಿತ್ತು. ಅವಳು ಜಗಳವಾಡಲಿಲ್ಲ. ಜಗಳವಾಡಬೇಕಾದರೆ ಎದುರಿನವನನ್ನು ಸಮಾನ ಎಂದು ಒಪ್ಪಬೇಕು. ಅಂದಿನಿಂದ ಅವಳು ಅವನನ್ನು ಆ ಲೆಕ್ಕದಿಂದಲೇ ಇಳಿಸಿಬಿಟ್ಟಳು. ತಟ್ಟೆ ಇಟ್ಟಳು, ಬಟ್ಟೆ ಮಡಿಸಿದಳು, ಕೇಳಿದ್ದಕ್ಕೆ ಹೂಂ ಅಂದಳು.

ಆ ಗುಂಪು ವರ್ಷಕ್ಕೊಮ್ಮೆ ಬೆಟ್ಟದ ಮೇಲೆ ಕಾರು ಹತ್ತಿಸುವುದಿತ್ತು. ಅಂಥದ್ದೇ ಹುಚ್ಚಿನವರು ನಾಲ್ಕೂರಿನಿಂದ ಬರುತ್ತಿದ್ದರು. ಈ ಸಲ ಹಾತೆಯನ್ನು ಎಲ್ಲರಿಗೂ ತೋರಿಸಬೇಕು. ಆದರೆ ಊಟದ ಡಬ್ಬಿ ಹಾತೆಗೆ ಭಾರ. "ನೀನು ಔಷಧಿಯವನ ಕಾರಲ್ಲಿ ಊಟ ತಗೊಂಡು ಬಾ," ಅಂದ ಗಂಡ. ಅಂಗಡಿಗೆ ಬೀಗ ಹಾಕಿ ಅವಳು ಹೊರಟಳು. ದೊಡ್ಡ ಕಾರಿನ ಮೆತ್ತನೆ ಸೀಟು, ಬೆಚ್ಚಗಿನ ಗಾಳಿ. "ಆರಾಮಾಗಿ ಕೂತ್ಕೊಳ್ಳಿ ಅತ್ತಿಗೆ, ಕಾಲು ಚಾಚಿ," ಅಂದ ಔಷಧಿ ಅಂಗಡಿಯವನು. ಆ ಗುಂಪಿನಲ್ಲಿ ಅವಳು ಸಹಿಸುತ್ತಿದ್ದದ್ದು ಅವನೊಬ್ಬನನ್ನೇ. ದಾರಿಯಲ್ಲಿ ಎರಡು ಕಡೆ ಹಾತೆ ರಸ್ತೆ ಬದಿಗೆ ನಿಂತಿತ್ತು. ಬಾನೆಟ್ಟಿನೊಳಗೆ ತಲೆ ತುರುಕಿಕೊಂಡಿದ್ದ ಗಂಡ ಇವರನ್ನು ಕಂಡರೂ ಕಾಣದವನ ಹಾಗಿದ್ದ.

ಅಂತೂ ಬೆಟ್ಟ ಹತ್ತಿತು. ಮೇಲೆ ಹುಲ್ಲಿನ ಇಳಿಜಾರು, ಕಿತ್ತುಕೊಂಡು ಹೋಗುವಂಥ ಗಾಳಿ. ಕಣಿವೆ ಹಿಂದೆ ಕಾಣುವ ಹಾಗೆ ಫೋಟೋ ತೆಗೆಯಬೇಕೆಂದು ಅವನು ಹಾತೆಯನ್ನು ಇಳಿಜಾರಿನ ನೆತ್ತಿಯಲ್ಲೇ ಮೂತಿ ಕೆಳಗೆ ಮಾಡಿ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ, ಇಳಿದ, ಸೊಂಟದ ಮೇಲೆ ಕೈಯಿಟ್ಟು ಹಿಂದೆ ಹಿಂದೆ ಸರಿದ. ಹೆಂಡತಿ ಊಟ ಬಡಿಸಲು ಸಮ ಜಾಗ ಹುಡುಕುತ್ತಾ ಕಾರಿನ ಮುಂದೆಯೇ ಬಂದಿದ್ದಳು. ಟಪ್ ಎಂದು ಒಂದು ಸಣ್ಣ ಸದ್ದು. ತೂತು ಕೊರೆದ ಹಿಡಿ ತೂತಿನ ಸಾಲಿಗೇ ಸರಿಯಾಗಿ ತುಂಡಾಗಿತ್ತು. ಹಾತೆ ಮೆಲ್ಲಗೆ ಅವಳ ಕಡೆ ಹೊರಟಿತು.

ಅವಳು ಡಬ್ಬಿ ಕೆಳಗೆ ಬಿಟ್ಟು, ಕಾಲು ಊರಿ, ಎರಡೂ ಅಂಗೈ ಅದರ ಮೂತಿಗೆ ಕೊಟ್ಟು ನಿಂತಳು. ಕಾರು ನಿಂತಿತು. ನೆಂದ ಕಂಬಳಿಯ ಮುಂದೆ ಇದೇನು ಮಹಾ!

"ಚಕ್ರಕ್ಕೆ ಒಂದು ಕಲ್ಲು ಕೊಡ್ರೀ ಯಾರಾದ್ರೂ!" ಎಂದು ಕೂಗಿದಳು.

ವಕೀಲ ಕಲ್ಲು ಹುಡುಕಲು ಓಡಿದ. ಮೇಷ್ಟ್ರು ಇಳಿಜಾರಿನ ಬಗ್ಗೆ ಏನೋ ಹೇಳಿದರು. ಗಂಡ ಎರಡೂ ಕೈ ಎತ್ತಿಕೊಂಡು ಕಿರುಚುತ್ತಾ ಬಂದ:

"ಕೈ ತೆಗಿ! ಅಲ್ಲಿ ಒತ್ತಬೇಡ, ಫೈಬರ್ ಬಿರುಕು ಬಿಡುತ್ತೆ! ನಿನ್ನ ಭಾರ ಎಲ್ಲ ಅದರ ಮೇಲೆ ಹಾಕಬೇಡ! ಕೈ ತೆಗಿ ಅಂದೆನಲ್ಲ!"

ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಆ ಮುಖದಲ್ಲಿ ಗಾಬರಿ ತುಂಬಿತ್ತು. ಅದರಲ್ಲಿ ಅವಳ ಪಾಲಿನದು ಎಳ್ಳಷ್ಟೂ ಇರಲಿಲ್ಲ.

ಅವಳು ಕೈ ತೆಗೆದಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಿರಿಯರಿಗೆ ದಾರಿ ಬಿಟ್ಟ ಹಾಗೆ ದಾರಿ ಬಿಟ್ಟಳು. ಹಾತೆ ಅವಳ ಸೀರೆಯನ್ನೂ ಸೋಕದೆ ಮುಂದೆ ಹೋಯಿತು. ಮೊದಲು ನಡೆಯಿತು, ಆಮೇಲೆ ಓಡಿತು. ಅಷ್ಟು ಚೆನ್ನಾಗಿ ಅದು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಕೆಳಗಿನ ಬಂಡೆಗೆ ಪಕ್ಕೆ ಕೊಟ್ಟು ಬಿದ್ದಾಗ ಕೇಳಿಸಿದ್ದು ಒಂದು ಬುಟ್ಟಿ ಮೊಟ್ಟೆ ಒಡೆದಷ್ಟೇ ಸದ್ದು.

"ಬಿಟ್ಟುಬಿಟ್ಟೆಯಾ?" ಅಂದ ಗಂಡ.

"ಕೈ ತೆಗಿ ಅಂದ್ರಲ್ಲ. ತೆಗೆದೆ."

ಮರಳುವಾಗ ಅವನೂ ಔಷಧಿಯವನ ಕಾರಿನಲ್ಲೇ ಬರಬೇಕಾಯಿತು. ಬೇರೆ ಗತಿಯಿರಲಿಲ್ಲ. ಮೊದಲು ಕೊರಡಿನ ಹಾಗೆ ಸೆಟೆದು ಕೂತ. ಬೆಟ್ಟ ಇಳಿಯುವಷ್ಟರಲ್ಲಿ ಬೆನ್ನು ಸೀಟಿಗೆ ತಾಗಿತು. ಬಯಲಿಗೆ ಬರುವಷ್ಟರಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಸೋಫಾವನ್ನು ಬೈದವನು ಸೋಫಾದಲ್ಲೇ ಜೊಲ್ಲು ಸುರಿಸುವುದನ್ನು ಅವಳು ಮನೆ ಬರುವವರೆಗೂ ನೋಡುತ್ತಾ ಬಂದಳು.

ಆಮೇಲೆ ಅವನು ಹಾತೆಯನ್ನು ಲಾರಿಯಲ್ಲಿ ಮನೆಗೆ ತರಿಸಿ, ಶೆಡ್ಡಿನಲ್ಲಿ ಕೂತು ಅದಕ್ಕೆ ತೇಪೆ ಹಾಕತೊಡಗಿದ. ಫೈಬರಿನ ಬಟ್ಟೆ ಹಾಸಿ ಅಂಟು ಬಳಿದರೆ ಒಡಕು ಮುಚ್ಚುತ್ತಿತ್ತು, ಆದರೆ ಒಂದೊಂದು ತೇಪೆಗೂ ಭಾರ ಏರುತ್ತಿತ್ತು. ಉಜ್ಜಿ ತೆಳ್ಳಗೆ ಮಾಡಿದರೆ ಮತ್ತೆ ಒಡೆಯುತ್ತಿತ್ತು. ಅವನಿಗೆ ಕಾರು ಮುರಿದದ್ದಕ್ಕಿಂತ ಅದು ದಪ್ಪವಾದದ್ದೇ ಹೆಚ್ಚಿನ ಸಂಕಟ. ಗೆಳೆಯರು ಕೂಡ ದೂರವಾದರು. "ಇದು ಈಗ ಹಾತೆ ಅಲ್ಲ, ಹಾತೆಯ ಹಾಗಿರೋ ಇನ್ನೇನೋ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಜಗತ್ತನ್ನೆಲ್ಲ ಅಲ್ಪರು ಅಂದವರು ಈಗ ತಮ್ಮಲ್ಲೇ ಒಬ್ಬನನ್ನು ಅಲ್ಪ ಮಾಡಿ ಸುಮ್ಮನಾದರು. ಕೊನೆಗೆ ವಕೀಲನೇ ಅದರ ಮುಂಭಾಗ ಕತ್ತರಿಸಿಕೊಂಡು ಹೋಗಿ ತನ್ನ ಕಚೇರಿಯ ಗೋಡೆಗೆ ನೇತುಹಾಕಿದ.

ಆ ಕಚೇರಿಯ ಪರದೆ ಒಗೆಯುವವಳು ಇವಳೇ. ಒಮ್ಮೆ ಪರದೆ ಮರಳಿಸಲು ಹೋದವಳು ಕಕ್ಷಿದಾರರ ಬೆಂಚಿನ ಮೇಲೆ ಹತ್ತಿ ಅದನ್ನು ಹತ್ತಿರದಿಂದ ನೋಡಿದಳು. ಪಕ್ಕೆಯೆಲ್ಲ ತೇಪೆ. ಮೂತಿಯ ಮೇಲೆ, ತಾನು ಅಂಗೈ ಕೊಟ್ಟ ಜಾಗದಲ್ಲಿ, ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಬೆಂಚಿನ ಮೇಲೆ ನಿಂತುಕೊಂಡೇ ಅವಳು ಒಬ್ಬಳೇ ನಕ್ಕಳು. ಕಾಯುತ್ತಿದ್ದ ಕಕ್ಷಿದಾರರು ಗಾಬರಿಯಾದರು.

ಇನ್ನು ನೆಮ್ಮದಿ ಎಂದುಕೊಂಡಿದ್ದಳು. ಅದು ಸುಳ್ಳಾಯಿತು. ಭಾನುವಾರ ಬಂತೆಂದರೆ ಅವನು ಅಂಗಡಿಗೆ ಬಂದು ಕಾಲಿಗೆ ಕಾಲಿಗೆ ಸಿಗುತ್ತಿದ್ದ. ಹ್ಯಾಂಗರನ್ನು ಕೈಯಲ್ಲಿ ತೂಗಿ, "ಇದು ಅನಗತ್ಯ ಭಾರ," ಅನ್ನುತ್ತಿದ್ದ. ಕಾರಿದ್ದಾಗ ಅವನ ಮೂರ್ಖತನಕ್ಕೆ ಒಂದು ಶೆಡ್ಡಾದರೂ ಇತ್ತು. ಈಗ ಅದು ಮನೆತುಂಬ, ಅಂಗಡಿತುಂಬ ಹರಡಿಕೊಂಡಿತ್ತು. ಒಂದು ದಿನ ಇಸ್ತ್ರಿ ಮೇಜಿನ ಆಚೆ ನಿಂತು, ಗುಂಡಿಯೊಂದನ್ನು ತಿರುವುತ್ತಾ ಅವನು ಹೇಳಿದ:

"ಅವತ್ತು ಬೆಟ್ಟದ ಮೇಲೆ ನಾನು ಹಾಗೆ ಕೂಗಬಾರದಿತ್ತು."

ಇಸ್ತ್ರಿಪೆಟ್ಟಿಗೆ ಹಿಡಿದ ಅವಳ ಕೈ ನಿಂತಿತು. ಇಷ್ಟು ವರ್ಷದ ಸಂಸಾರ. ಏನೋ ಒಂದಿಷ್ಟು ಎದೆಯಲ್ಲಿ ಮೆತ್ತಗಾಯಿತು.

"ಕೂಗದಿದ್ದಿದ್ರೆ," ಅಂದ ಅವನು ನಿಟ್ಟುಸಿರು ಬಿಟ್ಟು, "ನೀನು ಇನ್ನೊಂಚೂರು ಹೊತ್ತು ಹಿಡ್ಕೊಂಡಿರ್ತಿದ್ದೆ. ಕಾರು ಉಳಿಯೋದು."

ಅವಳು ಅಂಗಿಯ ತೋಳು ತಿರುಗಿಸಿ ಹಾಕಿ ಇಸ್ತ್ರಿ ಮುಂದುವರಿಸಿದಳು.

ಮಳೆಗಾಲ ಕಳೆದ ಮೇಲೆ ಅವನ ಮುಖದಲ್ಲಿ ಮತ್ತೆ ಕಳೆ ಬಂತು. ಮೇಷ್ಟ್ರು ಮತ್ತೆ ಬಂದು ಹೋಗತೊಡಗಿದರು. ಶೆಡ್ಡು ಗುಡಿಸಿದ ಸದ್ದು ಕೇಳಿಸಿತು. ಒಂದು ಬೆಳಿಗ್ಗೆ ಅವಳು ಅಂಗಡಿಗೆ ಹೊರಡುವಾಗ ಅವನು ಬಾಗಿಲಿಗೆ ಅಡ್ಡ ಬಂದು ನಿಂತ.

"ಇನ್ನೊಂದು ಸಿಕ್ಕಿದೆ. ಮೂರೇ ಚಕ್ರ. ಅದರ ಹೆಸರು ಮೇಷ್ಟ್ರಿಗೂ ಗೊತ್ತಿರಲಿಲ್ಲ, ನೋಡು!"

"ಓಡುತ್ತಾ?"

"ಓಡಿಸಬಹುದು." ಸ್ವಲ್ಪ ತಡೆದು, ಅವಳ ಕಣ್ಣು ತಪ್ಪಿಸಿ ಸೇರಿಸಿದ, "ಆದ್ರೆ ಅದರಲ್ಲಿ ಒಬ್ಬರಿಗೇ ಜಾಗ."

"ಸದ್ಯ!" ಅಂದಳು ಅವಳು. ಅವನನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಬಟ್ಟೆಯ ಗಂಟನ್ನು ಹೆಗಲಿಗೇರಿಸಿಕೊಂಡು ಬೀದಿಗಿಳಿದಳು.