ಮೂಲೆ ಹರಿದ ಕಾರ್ಡು

ಬೆಟಗೇರಿಯ ಅಮೃತವ್ವ ಗಂಡ ತೀರಿದ ಮೇಲೆ ಮಗ್ಗದವರ ನೂಲಿಗೆ ಗಂಜಿ ಹಚ್ಚಿ, ರವಿಕೆ ಹೊಲಿದು ಬದುಕಿದವಳು. ಮಠದ ಗೋಡೆಯ ಮೇಲಿನ ವಚನಗಳನ್ನು ನೋಡಿ ನೋಡಿ ಅಕ್ಷರ ಕಲಿತಿದ್ದಳು.

ಕರ್ನಾಟಕ ಒಂದಾದ ವರ್ಷ ಗದಗಿನಲ್ಲಿ ಹೆಣ್ಣುಮಕ್ಕಳ ಹೊಲಿಗೆ ಶಾಲೆ ತೆರೆಯುವ ಮಾತು ಬಂತು. ಅದರ ಹೊಣೆ ಹೊತ್ತಿದ್ದ ಅನ್ನಪೂರ್ಣವ್ವನವರನ್ನು ಅಮೃತವ್ವ ಕಲಿಸುವ ಕೆಲಸ ಕೇಳಿಕೊಂಡು ಹೋಗಿ ಕಂಡಳು. ಅವರ ಮಗ ಕಾಯಿಲೆಯಾಗಿ ಮಿರಜಿನ ಆಸ್ಪತ್ರೆಯಲ್ಲಿದ್ದ; ಮನಸ್ಸು ಅಲ್ಲಿಯೇ ಇತ್ತು. ಆದರೂ ಅವಳ ಹೊಲಿಗೆಯನ್ನು ತಿರುವಿ ನೋಡಿ, "ಕಮಿಟಿಯವ್ರಿಗೆ ಹೇಳಿ ನೋಡ್ತೀನಿ" ಎಂದರು.

"ಎರಡು ಸಾಲು ಬರದು ಹಾಕು ತಂಗಿ," ಎಂದಳು ನೆರೆಮನೆಯ ಮೋತಿಬಿ. "ಅವ್ರ ಮನಿಗೆ ನೂರು ಮಂದಿ ಬರ್ತಾರ. ನಿನ್ನ ಹೆಸರು ನೆನಪಿರಬೇಕಲ್ಲ?"

"ನನ್ನ ಮಾತು ಕೇಳಿದಿರಿ, ತಮ್ಮ ಉಪಕಾರ ಮರೆಯಲಾರೆ" ಎಂದು ಅಮೃತವ್ವ ಕಾರ್ಡು ಬರೆದಳು. ಮಸಿ ಆರಲೆಂದು ಗಂಜಿ ಹಚ್ಚಿದ ನೂಲಿನ ಮೇಲಿಟ್ಟು, ದೇವರಿಗೆ ದೀಪ ಹಚ್ಚಿದಳು. ಆಮೇಲೆ ಮುಸ್ಸಂಜೆಯ ಮಬ್ಬಿನಲ್ಲಿ ಕಾರ್ಡನ್ನು ಅವಸರದಿಂದ ಕಿತ್ತುಕೊಂಡು ಹೋಗಿ ಅಂಚೆ ಡಬ್ಬಿಗೆ ಹಾಕಿದಳು.

ಮರುದಿನ ನೂಲು ಎತ್ತುವಾಗ ಗಂಜಿಗೆ ಅಂಟಿದ ಚೂರು ಕಂಡಿತು. ಕಾರ್ಡಿನ ಮೂಲೆ!

ಮೂಲೆ ಹರಿದು ಕಳಿಸುವುದು ಸಾವಿನ ಕಾಗದವನ್ನು. ಅಂಥದ್ದನ್ನು ಯಾರೂ ಮನೆಯೊಳಗೆ ಒಯ್ಯುವುದಿಲ್ಲ.

"ಕೆಟ್ಟೆ ಅಕ್ಕಾ! ಕೆಲಸ ಹೋಗಲಿ, ಆ ತಾಯಿ ಎದಿ ಒಡೀತೈತಿ!" ಎಂದು ಮೋತಿಬಿಯ ಬಾಗಿಲಿಗೆ ಹೋಗಿ ಅತ್ತಳು.

"ಕುಂತು ಅಳಬ್ಯಾಡ. ಓಡು!"

ಸೆರಗು ಬಿಗಿದು, ಶಿವನ ಹೆಸರು ಹೇಳುತ್ತ ಗದಗಿನ ದಾರಿ ಹಿಡಿದು ಓಡಿದಳು. ಓಣಿ ತಿರುಗಿದರೆ ಅಂಚೆ ಹಂಚುವ ಮಾಶಾಕ ಆಗಲೇ ಅನ್ನಪೂರ್ಣವ್ವನವರ ಕಟ್ಟೆಯ ಮುಂದೆ ನಿಂತಿದ್ದ. ಕಾರ್ಡು ಕೊಡಲು ಮನಸ್ಸಾಗದೆ ಅಂಗೈಯಲ್ಲಿ ಮುಚ್ಚಿಕೊಂಡಿದ್ದ. ಅವರು ಬಾಗಿಲ ಚೌಕಟ್ಟು ಹಿಡಿದಿದ್ದರು.

"ಮಾಶಾಕ, ಮಿರಜಿಂದ ಬಂದೈತೇನೋ?"

"ಅವ್ವಾರ, ಅದು ನಂದ್ರೀ!" ಅಮೃತವ್ವ ದೂರದಿಂದಲೇ ಕೂಗಿದಳು. "ಯಾರೂ ಸತ್ತಿಲ್ರೀ! ಗಂಜಿಗೆ ಅಂಟಿ ಮೂಲಿ ಹರದೈತ್ರೀ!"

ಅನ್ನಪೂರ್ಣವ್ವ ಕಟ್ಟೆಯ ಮೇಲೆ ಕುಸಿದರು. ಅಮೃತವ್ವ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ಏನು ಬರ್ದೀ? ನೀನ ಓದು."

ಮಾಶಾಕನ ಕೈಯಿಂದ ಕಾರ್ಡು ತೆಗೆದುಕೊಂಡು ಓದಿದಳು.

"ಉಪಕಾರ ಹೇಳಾಕ ಹೋಗಿ ನನ್ನ ಜೀವಾ ತಗೀತಿದ್ದೆಲ್ಲ ಮಾರಾಯ್ತಿ!" ಅವರು ಕಣ್ಣೊರೆಸಿಕೊಂಡರು. "ಬ್ಯಾರೆಯವರಾಗಿದ್ರ ಹೆದರಿ ಮನ್ಯಾಗ ಅಡಗಿ ಕುಂಡ್ರತಿದ್ರು. ಸೋಮವಾರ ಕಮಿಟಿ ಮುಂದ ಬಾ. ಬರಿಗೈಲೆ ಬಾ, ಕಾಗದ ಗೀಗದ ತರಬ್ಯಾಡ."

ಮುಪ್ಪಿನವರೆಗೂ ಆ ಶಾಲೆಯಲ್ಲಿ ಹೊಲಿಗೆ ಕಲಿಸಿದ ಅಮೃತವ್ವ ಮತ್ತೆಂದೂ ಉಪಕಾರದ ಕಾಗದ ಬರೆಯಲಿಲ್ಲ. ಎಷ್ಟೇ ದೂರವಾದರೂ ನಡೆದು ಹೋಗಿ, ಎದುರಿಗೆ ನಿಂತು ಹೇಳಿ ಬರುತ್ತಿದ್ದಳು.