ಹಿಂದಿನ ಗೋಡೆಯ ಕಿಂಡಿ

1953ರಲ್ಲಿ ನಾನು ಶಹಾಬಾದಿನ ಒಂದು ಕಲ್ಲುಗಣಿ ಕಂಪನಿಯಲ್ಲಿ ಓವರ್‌ಸಿಯರ್ ಆಗಿದ್ದೆ. ಕಾರ್ಮಿಕರ ಕ್ವಾರ್ಟರ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಸಾಲಾಗಿ ಒಂದೊಂದೇ ಕೋಣೆಯ ಮನೆಗಳು. ಪ್ರತಿ ಮನೆಗೂ ಒಂದೇ ಬಾಗಿಲು, ಅದೂ ಕಾವಲುಗಾರನ ಚೌಕಿಯ ಎದುರಿಗೆ. ಕೆಲಸಕ್ಕೆ ಯಾರು ಹೋದರು, ಯಾರು ಉಳಿದರು ಎಂದು ಅವನಿಗೆ ಕೂತಲ್ಲಿಂದಲೇ ಕಾಣಬೇಕಿತ್ತು. ಒಳಗೆ ಹೆಂಗಸರು ಹೇಗಿರುತ್ತಾರೆಂದು ಯಾರೂ ಯೋಚಿಸಿರಲಿಲ್ಲ.

ಆ ಬೇಸಿಗೆಯಲ್ಲಿ, ಒಂದು ಮನೆಯ ಹಿಂದಿನ ಗೋಡೆ ಒಡೆದಿದ್ದಾರೆಂದು ದೂರು ಬಂತು. "ಇವತ್ತೇ ಮುಚ್ಚಿಸಿ. ಒಪ್ಪದಿದ್ದರೆ ಮನೆ ಖಾಲಿ ಮಾಡಿಸಿ" ಎಂದರು ಮ್ಯಾನೇಜರ್. ಕಲ್ಲು ಕಟ್ಟುವ ಗೌಂಡಿಯನ್ನು ಕರೆದುಕೊಂಡು ಹೋದೆ.

ಬಾಗಿಲಲ್ಲಿ ಮುದುಕ ಮಲ್ಕಪ್ಪ ಕೂತಿದ್ದ. ಗಣಿಯಲ್ಲಿ ಬಂಡೆ ಬಿದ್ದು ಅವನ ಎರಡೂ ಕಾಲು ಹೋಗಿದ್ದವು. ಈಗ ಮಗ ಅದೇ ಗಣಿಯಲ್ಲಿ ದುಡಿಯುತ್ತಿದ್ದ. ಒಳಗೆ ಬಸುರಿ ಸೊಸೆ ನೀಲಮ್ಮ. ಆ ಮನೆತನದಲ್ಲಿ ಸೊಸೆ ಮಾವನೊಡನೆ ಮಾತಾಡುವಂತಿಲ್ಲ, ಅವನನ್ನು ದಾಟಿ ಹೋಗುವಂತೆಯೂ ಇಲ್ಲ. ಹಳ್ಳಿಯ ಮನೆಯಲ್ಲಿ ಹಿತ್ತಲ ಬಾಗಿಲಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಇಲ್ಲಿ ಮುದುಕ ಒಳಗೆ ಕೂತರೆ ಆಕೆಗೆ ಮೂಲೆಯೂ ಇಲ್ಲ, ಹೊಸ್ತಿಲಲ್ಲೋ ಅದರ ಎದುರಿಗೋ ಕೂತರೆ ದಾರಿಯೂ ಇಲ್ಲ.

ಹಿಂದಿನ ಗೋಡೆಯ ಕಿಂಡಿ ನೆಲದಿಂದ ನನ್ನ ಸೊಂಟದವರೆಗಷ್ಟೇ ಇತ್ತು. ನಿಂತು ಒಡೆದವರ ಕೆಲಸವಲ್ಲ.

"ನಾನೇ ಒಡದೀನ್ರಿ ಸಾಹೇಬ್ರ" ಎಂದ ಮಲ್ಕಪ್ಪ. "ಬಯಲಕಡಿಗಿ ಹೋಗೋದು ಬರ್ತದಂತ ಅಕಿ ಸಂಜಿತನಕ ನೀರೇ ಕುಡಿಯಂಗಿಲ್ಲ. ನನ್ನ ಮುಂದ ಹ್ಯಾಂಗ ಹೇಳ್ತಾಳ? ಅದಕ್ಕ ತೆವಳಕೋತ ಹೋಗಿ, ಕುಂತಲ್ಲೇ ಕಬ್ಬಿಣದ ಹಾರಿ ಹಾಕಿ ಒಡದೀನಿ."

ಗೌಂಡಿಯನ್ನು ಅಲ್ಲೇ ನಿಲ್ಲಿಸಿದೆ. ಮ್ಯಾನೇಜರರ ಬಳಿ ವಾಪಸು ಹೋಗಿ, ಮುಚ್ಚುವ ಬದಲು ಅಲ್ಲೊಂದು ಬಾಗಿಲು ಕೂರಿಸುತ್ತೇನೆ ಎಂದು ಕೇಳಿಕೊಂಡೆ. "ಒಬ್ಬರಿಗೆ ಬಿಟ್ಟರೆ ಇಡೀ ಸಾಲು ಒಡೆಯುತ್ತಾರೆ. ಮುಚ್ಚಿಸಿ, ಇಲ್ಲ ಅವನ ಮಗನಿಗೆ ಕೆಲಸ ಬಿಡಲು ಹೇಳಿ." ಮಾತು ಅಲ್ಲಿಗೇ ಮುಗಿಯಿತು.

ಮಲ್ಕಪ್ಪ ನನ್ನ ಮುಖ ನೋಡಿಯೇ ತಿಳಿದುಕೊಂಡ. "ಮುಚ್ರಿ. ನಾ ಆಡಕಿ ಊರಾಗಿನ ನನ್ನ ತಮ್ಮನ ಮನಿಗಿ ಹೋಗ್ತೀನಿ."

"ಮೊಮ್ಮಗುವನ್ನು ನೋಡುವುದು ಬೇಡವೇ?"

"ಅಕಿ ನೀರು ಕುಡದ್ರ ತಾನೇ ಕೂಸು ಉಳಿಯೋದು?"

ಗೌಂಡಿ ಕಲ್ಲು ಕೂರಿಸಿದ. ಮುಂದೆ ಸರ್ವೀಸಿನುದ್ದಕ್ಕೂ ಯಾವ ನಕ್ಷೆ ಕೈಗೆ ಬಂದರೂ ನಾನು ಮೊದಲು ಹುಡುಕಿದ್ದು ಹಿಂದಿನ ಬಾಗಿಲನ್ನು. ಗೋಡೆಗೆ ಗೆರೆ ಎಳೆಯುವವನು, ತನಗೆ ಗೊತ್ತಿಲ್ಲದೆಯೇ, ಆ ಮನೆಯಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂಬುದನ್ನೂ ತೀರ್ಮಾನಿಸಿಬಿಡುತ್ತಾನೆ.

ಮರುದಿನ ಮಗ ಅಪ್ಪನನ್ನು ಎತ್ತಿ ಬಂಡಿಯಲ್ಲಿ ಮಲಗಿಸಿದ. ಬಂಡಿ ಹೊರಟಾಗ ನೀಲಮ್ಮ ಖಾಲಿ ಹೊಸ್ತಿಲು ದಾಟಿ ಓಡಿ ಬಂದಳು. "ಮಾವಾ, ಹೋಗಬ್ಯಾಡ್ರಿ!"

ಮಲ್ಕಪ್ಪ ಸೊಸೆಯ ದನಿ ಕೇಳಿದ್ದು ಅದೇ ಮೊದಲು.