ಯವ್ವ ಹಾಕಿದ ಗೇರ್

ಎಪ್ಪತ್ತರ ದಶಕದಲ್ಲಿ ರಾಯಚೂರಿನ ನಮ್ಮ ಶೋರೂಮಿನಲ್ಲಿ ಕಾರು ಮಾರುವ ಕಷ್ಟವೇ ಇರಲಿಲ್ಲ. ದೊಡ್ಡ ಕಂಪನಿಯ ದೊಡ್ಡ ಕಾರು; ಜನ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ನಾನು ಫ್ಯಾನಿನ ಕೆಳಗೆ ಕುಳಿತು "ಬಂದಾಗ ಹೇಳಿ ಕಳಸ್ತೀವ್ರಿ" ಎನ್ನುತ್ತಿದ್ದೆ. ನನಗೆ ಸಂಬಳ ಸಿಗುತ್ತಿದ್ದುದು ಆ ಒಂದು ಮಾತಿಗೇ. ಎಂಬತ್ತರ ದಶಕದಲ್ಲಿ ಪೇಟೆಗೆ ಸಣ್ಣ ಕಾರೊಂದು ಬಂತು ನೋಡಿ, ಹೆಸರು ಬರೆಸಿದವರೆಲ್ಲ ಒಬ್ಬೊಬ್ಬರೇ ಜಾರಿಕೊಂಡರು. ಉಳಿದವರು ಮಾನ್ವಿಯ ಅಕ್ಕಿ ಮಿಲ್ಲಿನ ಸಾವುಕಾರರೊಬ್ಬರೇ. ಅವರೂ ಹೋದರೆ ಶೋರೂಮಿಗೆ ಬೀಗ, ನನಗೆ ಮನೆಯ ಕಟ್ಟೆ.

ಕಂಪನಿಗೆ ಆಗ ಎಚ್ಚರವಾಯಿತು. ಮುಂದಿನ ಉದ್ದನೆಯ ಸೀಟನ್ನು ಎರಡು ತುಂಡು ಮಾಡಿ, ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರ್ ಕಡ್ಡಿಯನ್ನು ಅವುಗಳ ನಡುವೆ ನೆಟ್ಟು, ಹೊಸ ಮಾಡೆಲ್ ಎಂದು ಕಳಿಸಿತು. ಜೊತೆಗೆ ಗಿರಾಕಿಗಳ ಮನಸ್ಸು ತಿಳಿಯಲು ಹೆಡ್ಡಾಫೀಸಿನ ಸಾಹೇಬರೊಬ್ಬರು ಬಂದರು. ನಮ್ಮ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು!

ಸಾವುಕಾರರು ಅಂದರು, "ನಾಳೆ ಬಸುರಿ ಮಗಳ ಕುಬಸಕ್ಕ ದೇವದುರ್ಗಕ್ಕ ಹೊಂಟೀವಿ. ಇದರಾಗ ಕರಕೊಂಡು ಹೋಗ್ರಿ, ನೋಡೂಣು."

ನಮ್ಮ ಕಡೆ ಕಾರಿಗೆ ಒಂದೇ ಪರೀಕ್ಷೆ: ಎಷ್ಟು ಮಂದಿ ಹಿಡಿಸುತ್ತಾರೆ. ಹಿಂದೆ ಹೆಂಗಸರು, ಮಕ್ಕಳು, ರೊಟ್ಟಿ ಬುಟ್ಟಿ, ಬುಟ್ಟಿಯ ಕೆಳಗೆ ಸಾಹೇಬರು. ಮುಂದೆ ನಾನು, ಸಾವುಕಾರರು. ಅವರ ತಾಯಿಗೆ ಜಾಗವಿಲ್ಲ. ಯವ್ವ ಯಾವ ಗಾಡಿಯಲ್ಲೂ ಮುಂದೆ, ನಡುವೆಯೇ ಕೂಡುವವರು. ಎರಡು ಸೀಟಿನ ಸಂದು ನೋಡಿ "ಇಷ್ಟು ಸಾಕು ಬಿಡ್ರಿ" ಎಂದು ಅಲ್ಲಿಗೆ ತಮ್ಮ ಹಾಸುವ ಕೌದಿ ಮಡಚಿ ತುರುಕಿ, ಕುಳಿತೇಬಿಟ್ಟರು. ಗೇರ್ ಕಡ್ಡಿ ಸೀರೆಯ ನೆರಿಗೆಯಲ್ಲಿ ಮಾಯವಾಯಿತು.

"ಯವ್ವಾ, ಗೇರ್ ಹಾಕಬೇಕಿತ್ತು..." ಎಂದೆ ನಾಚುತ್ತ.

"ನೀ ಯಾಕ ಕೈ ಹಾಕ್ತಿ? ಯಾ ಕಡೆ ದಬ್ಬಬೇಕು ಹೇಳು, ನಾ ದಬ್ತೀನಿ."

ಸಿರವಾರ ದಾಟುವವರೆಗೂ ಬರೀ ಗರಗರ. ಆಮೇಲೆ ನಾನು ಕ್ಲಚ್ ತುಳಿದು "ಮುಂದಕ ಯವ್ವಾ", "ಹಿಂದಕ ಯವ್ವಾ" ಅನ್ನುವುದು, ಅವರು ಬೀಸುಕಲ್ಲಿನ ಗೂಟ ಹಿಡಿದಂತೆ ಹಿಡಿದು ದಬ್ಬುವುದು. ದೇವದುರ್ಗ ಹತ್ತಿರವಾದಾಗ ನಾನು ಹೇಳುವ ಮೊದಲೇ ದಬ್ಬತೊಡಗಿದ್ದರು. ಇಳಿದವರೇ ಬೀಗರ ಮುಂದೆ "ಗಾಡಿ ನಾನೇ ಹೊಡಕೊಂಡು ಬಂದೆ" ಎಂದು ಸಾರಿದರು. ಮಗನಿಗೆ, "ಇದನ್ನ ತಗೋಳೋ. ಆ ಸಣ್ಣ ಗಾಡ್ಯಾಗ ನನಗೇನು ಕೆಲಸ ಅದ?" ಎಂದರು. ಸಾವುಕಾರರು ಆಗಲಿ ಅಂದಾಗ ನನಗೆ ಹೋದ ಜೀವ ಬಂತು.

ಬುಟ್ಟಿಯ ಆಚೆ ಸಾಹೇಬರಿಗೆ ಏನೂ ಕಂಡಿರಲಿಲ್ಲ. ಇಳಿದ ಮೇಲೆ ಸಂದಿಯಲ್ಲಿದ್ದ ಕೌದಿ ಕಂಡಿತು. "ಓಹೋ, ಇಲ್ಲಿನ ಜನ ನಡುವೆ ಸಾಮಾನು ಇಡುತ್ತಾರೆ" ಎಂದು ಹಿಂದಿಯಲ್ಲಿ ಅವರೇ ಹೇಳಿ, ಅವರೇ ತಲೆದೂಗಿದರು. ಉತ್ತರಕ್ಕೆ ಕಾಯುವ ಜಾತಿಯಲ್ಲ ಅದು.

ಮಳೆಗಾಲ ಮುಗಿದ ಮೇಲೆ ಸಾವುಕಾರರ ಕಾರು ಬಂತು. ಎರಡು ಸೀಟಿನ ನಡುವೆ, ಬೋಲ್ಟು ಬಿಗಿದ ಒಂದು ಪೆಟ್ಟಿಗೆ! ಗಿರಾಕಿಗಳ ಅನುಕೂಲಕ್ಕಾಗಿ ಮಾಡಿದ್ದಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಂಪನಿ.

ಯವ್ವ ಕೌದಿಯನ್ನು ಕಂಕುಳಲ್ಲಿ ಹಿಡಿದೇ ಶೋರೂಮಿಗೆ ಬಂದಿದ್ದರು. ಬಾಗಿಲು ತೆಗೆದು, ಪೆಟ್ಟಿಗೆಯನ್ನು ಬೆರಳಿನಿಂದ ಬಡಿದು ನೋಡಿದರು.

"ನನ್ನ ಜಾಗದಾಗ ಇದನ್ನ ಕುಂದ್ರಿಸ್ಯಾರ. ಕೇಳು ಅದಕ್ಕ, ಗೇರ್ ಹಾಕಾಕ ಬರ್ತದೇನು?"

ಅಷ್ಟು ವರ್ಷ ಕಂಪನಿಯ ಅನ್ನ ತಿಂದವನು ನಾನು. ಆದರೂ ಪುಸ್ತಕ ತೆಗೆದು ಸಾವುಕಾರರ ಹೆಸರಿನ ಮೇಲೆ ನಾನೇ ಗೀಟು ಎಳೆದೆ. ಸಾವುಕಾರರು ಸಣ್ಣ ಕಾರು ತೆಗೆದುಕೊಂಡರು. ದೀಪಾವಳಿಯ ಹೊತ್ತಿಗೆ ಶೋರೂಮಿಗೆ ಬೀಗ ಬಿತ್ತು, ಪೆಟ್ಟಿಗೆಯ ಕಾರು ಒಳಗೇ ಉಳಿಯಿತು.